ನೀರಿಲ್ಲದ ಟ್ಯಾಂಕಿಗೆ ಸಹಿ ಹಾಕದ ಅಧ್ಯಕ್ಷೆ

ಚಂದ್ರಕಲ ಕಲ್ಲಾರೆಕೊಪ್ಪಲು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾದ ದಿನ ಹಾರ ಹಾಕಿಸಿಕೊಂಡು ತೆರೆದ ಜೀಪಿನಲ್ಲಿ ನಿಂತು ಊರಿಗೆಲ್ಲ ಕೈಮುಗಿದವನು ಅವಳ ಗಂಡ ಕನಕರಾಜು. ಅಧ್ಯಕ್ಷೆ ಹಿಂದಿನಿಂದ ಅತ್ತೆಯ ಜೊತೆ ಆಟೋದಲ್ಲಿ ಬಂದಳು. ಊರ ಮುಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವನ ಮುಖ ಬಾಗಿಲಷ್ಟು ದೊಡ್ಡದು. ಅವಳದ್ದು ಕೆಳಗಿನ ಮೂಲೆಯಲ್ಲಿ, ಮದುವೆ ಆಲ್ಬಮ್ಮಿನಿಂದ ಕತ್ತರಿಸಿ ಅಂಟಿಸಿದ್ದು. ಇದರಲ್ಲಿ ತಪ್ಪಿದೆ ಎಂದು ಊರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಚಂದ್ರಕಲಳಿಗೂ ಅನ್ನಿಸಲಿಲ್ಲ.

ಅವಳು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಕಡೆಯ ಹೆಣ್ಣು. ಪಿಯುಸಿ ಮುಗಿಸಿದ ವರ್ಷವೇ ಪಾಂಡವಪುರ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದಳು. ಗಂಡನಿಗೆ ಒಂದಿಷ್ಟು ಗದ್ದೆ, ಒಂದು ಟ್ರಾಕ್ಟರು. ಅವಳು ಪಡಸಾಲೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಸುತ್ತಲಿನವರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಎಲೆಅಡಿಕೆ ಹಾಕಿಕೊಂಡು ಹರಟುತ್ತ ಕೂರುತ್ತಿದ್ದರು. ಅವಳದು ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ಪಂಚಾಯಿತಿಯ ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಎಂದು ಬಂದಾಗ, ಊರವರು ಆರಿಸಿದ್ದ ಸದಸ್ಯರಲ್ಲಿ ಆ ಮೀಸಲಿಗೆ ಹೊಂದುವವರು ಇಬ್ಬರೇ ಇದ್ದರು: ಚಂದ್ರಕಲ ಮತ್ತು ಪವಿತ್ರ. ಕನಕರಾಜು ಓಡಾಡಿ, ಅವರಿವರ ಕೈಕಾಲು ಹಿಡಿದು, ಹೆಂಡತಿಯನ್ನು ಕುರ್ಚಿಗೆ ತಂದ. ಆಮೇಲೆ ಪ್ರತಿ ಸಭೆಯಲ್ಲೂ ಆ ಕುರ್ಚಿಯ ಪಕ್ಕಕ್ಕೇ ಇನ್ನೊಂದು ಕುರ್ಚಿ ಹಾಕಿಸಿಕೊಂಡು ತಾನು ಕೂತ. ಜನ ಅವನನ್ನೇ ‘ಅಧ್ಯಕ್ಷ್ರೇ’ ಎಂದು ಕರೆದರು. ಅವನು ಬೆರಳಿಟ್ಟು ತೋರಿಸಿದ ಕಡೆ ಅವಳು ಸಹಿ ಹಾಕಿದಳು.

ಕಮಾನು ಲೇಔಟು ಬರದೆ ಹೋಗಿದ್ದರೆ ಅವಧಿ ಹೀಗೆಯೇ ಮುಗಿದುಹೋಗುತ್ತಿತ್ತೇನೋ.

ಶ್ರೀರಂಗಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಕೂಡಲೇ, ಕಬ್ಬಿನ ಗದ್ದೆಗಳಿದ್ದ ಜಾಗದಲ್ಲಿ ಒಂದು ಬಡಾವಣೆ ಎದ್ದಿತ್ತು. ಬಾಗಿಲಿಗೆ ಅರಮನೆಯಂಥ ಕಮಾನು, ಅದರ ಮೇಲೆ ಎರಡು ಸಿಮೆಂಟಿನ ಆನೆ, ನಡುವೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ಹೆಸರನ್ನು ಯಾರೂ ಓದುವ ಗೋಜಿಗೆ ಹೋಗಲಿಲ್ಲ. ಊರಿನ ಬಾಯಲ್ಲಿ ಅದು ‘ಕಮಾನು ಲೇಔಟು’ ಆಯಿತು. ಮಾಡಿಸಿದವನು ರವೀಂದ್ರ, ಮೈಸೂರಿನವನು. ಮಾತು ಬಲು ನಯ.

ಹೊಲವೊಂದು ಬಡಾವಣೆಯಾಗಬೇಕಾದರೆ ಕಾನೂನು ಕೇಳುವುದು ಬಹಳವೇನಲ್ಲ. ಜಮೀನನ್ನು ವಾಸಕ್ಕೆಂದು ಪರಿವರ್ತನೆ ಮಾಡಿಸಬೇಕು. ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ನಕ್ಷೆಯಲ್ಲಿ ತೋರಿಸಿದ ರಸ್ತೆ, ಚರಂಡಿ, ನೀರು, ಬೀದಿದೀಪ, ಪಾರ್ಕನ್ನು ನಿಜವಾಗಿಯೂ ಮಾಡಿ ಮುಗಿಸಬೇಕು. ಅದು ಮುಗಿಯುವವರೆಗೆ ಒಂದು ಪಾಲು ಸೈಟುಗಳನ್ನು ಮಾರಲು ಬಿಡುವುದಿಲ್ಲ. ಮಾಡಿಸುವವನು ಅರ್ಧಕ್ಕೆ ಕೈತೊಳೆದುಕೊಂಡು ಹೊರಟುಬಿಡದಿರಲಿ ಎಂದು. ಕೊನೆಗೆ ರಸ್ತೆ, ಪಾರ್ಕು, ಟ್ಯಾಂಕನ್ನೆಲ್ಲ ಪಂಚಾಯಿತಿಗೆ ಬಿಟ್ಟುಕೊಡಬೇಕು. ಪಂಚಾಯಿತಿ ಒಪ್ಪಿಕೊಂಡಿತೆಂದರೆ ಅಂದಿನಿಂದ ಅದರ ರಿಪೇರಿ, ಕರೆಂಟು, ನೀರು ಎಲ್ಲವೂ ಊರಿನ ತಲೆಯ ಮೇಲೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಒಪ್ಪಿಕೊಳ್ಳುವ ಮುಂಚೆ ಒಂದು ಸಲ ಹೋಗಿ ನೋಡಬೇಕು ಎಂದು ಕಲ್ಲಾರೆಕೊಪ್ಪಲಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದವರು ಸುಮ್ಮನಿದ್ದರು.

ರವೀಂದ್ರ ಒಂದು ಭಾನುವಾರ ಸಿಹಿ ಡಬ್ಬ ಹಿಡಿದುಕೊಂಡು ಮನೆಗೇ ಬಂದ. ಜಗಲಿಯ ಮೇಲೆ ಕನಕರಾಜುವಿನ ಪಕ್ಕ ಕೂತ.

“ಎಲ್ಲಾ ಮುಗಿದಿದೆ ಅಣ್ಣ. ಈ ಮೀಟಿಂಗ್‌ನಲ್ಲಿ ಪಂಚಾಯ್ತಿ ಒಪ್ಕೊಂಡುಬಿಟ್ರೆ ಮಿಕ್ಕಿರೋ ಸೈಟು ಬಿಡುಗಡೆ ಆಗುತ್ತೆ. ಮುಂದಿನ ಲೇಔಟಿನ ರಸ್ತೆಗೂ ಗ್ರಾವೆಲ್ ಮಣ್ಣು ಹೊಡೆಯೋದು ನಿಮ್ಮ ಟ್ರಾಕ್ಟರೇ.”

“ಅದ್ಕೇನಂತೆ ಬುಡಿ. ಬುಧ್ವಾರ ಮೀಟಿಂಗ್‌ನಲ್ಲಿ ಮಡಗುಸ್ತೀನಿ,” ಎಂದ ಕನಕರಾಜು. ಒಳಗೆ ತಿರುಗಿ, “ಲೇ ಚಂದ್ರಿ, ಕಾಪಿ ತತ್ತಾ,” ಎಂದು ಕೂಗಿದ.

ಅಧ್ಯಕ್ಷೆ ಕಾಫಿ ತಂದಿಟ್ಟಳು. ವಿಷಯವನ್ನು ಅವಳಿಗೂ ಒಂದು ಮಾತು ಹೇಳಬೇಕೆಂದು ಇಬ್ಬರು ಗಂಡಸರಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ.

ಮಾರನೆಯ ದಿನ ಅವಳು ಆ ಬಡಾವಣೆಗೆ ಹೋದದ್ದು ಪಂಚಾಯಿತಿ ಕೆಲಸಕ್ಕಲ್ಲ, ರವಿಕೆ ಕೊಡುವುದಕ್ಕೆ. ಕಮಾನು ಲೇಔಟಿನಲ್ಲಿ ಮೊದಲು ಮನೆ ಕಟ್ಟಿಕೊಂಡವಳು ಶ್ವೇತ ಎಂಬ ಹೈಸ್ಕೂಲು ಟೀಚರು. ಬೂಕನಕೆರೆಯವಳು, ಪಾಂಡವಪುರದಲ್ಲಿ ಕೆಲಸ. ನಾದಿನಿಯ ಮದುವೆಗೆಂದು ಹೊಲಿಯಲು ಕೊಟ್ಟಿದ್ದಳು. ಚಂದ್ರಕಲ ಹೋದಾಗ ಆಕೆ ಗೇಟಿನ ಮುಂದೆ ಡ್ರಮ್ಮುಗಳನ್ನು ಸಾಲಾಗಿ ಇಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತ ನಿಂತಿದ್ದಳು.

“ಇದೇನ್ ಮೇಡಂ, ಮನೆ ಮುಂದ್ಲೇ ಅಷ್ಟ್ ದೊಡ್ ಟ್ಯಾಂಕ್ ನಿಂತದೆ, ನೀವ್ ಟ್ಯಾಂಕರ್ ಕಾಯ್ತಾ ಇದೀರಲ್ಲ?”

“ಟ್ಯಾಂಕ್ ನಿಂತದೆ ಅಕ್ಕ, ಅದ್ರಲ್ಲಿ ನೀರ್ ನಿಂತಿಲ್ಲ. ಬನ್ನಿ, ಕಣ್ಣಾರೆ ನೋಡಿ.”

ಟ್ಯಾಂಕಿಗೆ ಹೊಸ ನೀಲಿ ಬಣ್ಣ ಹೊಡೆದಿದ್ದರು. ಮೇಲಿನಿಂದ ಇಳಿದ ಪೈಪು ಕಂಬದ ಬುಡದಲ್ಲಿ ಮಣ್ಣಿನೊಳಗೆ ಹೋಗಿತ್ತು. ಶ್ವೇತ ಅಲ್ಲಿಯೇ ಬಿದ್ದಿದ್ದ ಒಂದು ಕೋಲಿನಿಂದ ಮಣ್ಣು ಕೆದಕಿದಳು. ಒಂದು ಮೊಳವೂ ಹೋಗದೆ ಪೈಪು ಮುಗಿದಿತ್ತು. ತುದಿಗೆ ಸಿಮೆಂಟು ಚೀಲದ ಚೂರು ತುರುಕಿದ್ದರು. ನಕ್ಷೆಯಲ್ಲಿ ತೋರಿಸಿದ್ದ ಕೊಳವೆಬಾವಿಯ ಜಾಗದಲ್ಲಿ ಎಕ್ಕದ ಗಿಡ ಬೆಳೆದಿತ್ತು. ಅಲ್ಲಿ ಯಾರೂ ಬೋರು ಕೊರೆಸಿಯೇ ಇರಲಿಲ್ಲ. ವಾಪಸು ಬರುವಾಗ ಚಂದ್ರಕಲ ರಸ್ತೆಯನ್ನೂ ನೋಡಿದಳು. ಡಾಂಬರಿನ ಅಂಚು ಚಪ್ಪಲಿಯ ತುದಿ ತಾಗಿದರೆ ಹಪ್ಪಳದಂತೆ ಏಳುತ್ತಿತ್ತು. ಕೆಳಗೆ ಜಲ್ಲಿಯಿಲ್ಲ, ಹೊಲದ ಮಣ್ಣು.

“ನೀವ್ ಯಾರ್ಗೂ ಏಳ್ಲಿಲ್ವಾ?”

“ನಿಮ್ ಪಂಚಾಯ್ತಿಗೇ ಬಂದಿದ್ದೆ ಅಕ್ಕ. ನಿಮ್ ಯಜಮಾನ್ರೇ ಇದ್ರು. ಲೇಔಟ್ ನಮ್ ಕೈಗ್ ಬಂದ್ಬುಡ್ಲಿ, ಇಸ್ಕೂಲ್ ಅತ್ರ ಇರೋ ಬೋರಿಂದ ಲೈನ್ ಎಳ್ಕೊಡ್ತೀವಿ ಅಂದ್ರು.”

ಶಾಲೆಯ ಹತ್ತಿರದ ಬೋರು! ಊರಿನ ಮೇಲುಬೀದಿ, ಕೆಳಬೀದಿ ಎರಡಕ್ಕೂ ಇದ್ದದ್ದು ಅದೊಂದೇ. ಬೇಸಿಗೆಯಲ್ಲಿ ಅದೂ ಕೆಮ್ಮಿ ಕೆಮ್ಮಿ ನೀರು ಕೊಡುತ್ತಿತ್ತು. ಯಾರೋ ಸೈಟು ಮಾರಿ ಹೋಗುತ್ತಾನೆ. ಅವನು ಕೊರೆಸದ ಬೋರಿಗೆ ಊರು ತನ್ನ ಬಾಯಿಯ ನೀರು ಕೊಡಬೇಕು! ಚಂದ್ರಕಲಳ ಮೈಯೆಲ್ಲ ಉರಿದುಹೋಯಿತು. ರವಿಕೆಯ ಕೂಲಿಯನ್ನು ಇಸಿದುಕೊಳ್ಳುವುದನ್ನೂ ಮರೆತು ಮನೆಗೆ ಬಂದಳು.

ಕನಕರಾಜು ಟ್ರಾಕ್ಟರು ತೊಳೆಯುತ್ತಿದ್ದ. ಅವಳು ನೇರವಾಗಿ ಕೇಳಿದಳು.

“ಆ ಟ್ಯಾಂಕಿಗೆ ಬೋರೇ ಇಲ್ವಂತಲ್ಲ, ನಿಮ್ಗೆ ಗೊತ್ತಿತ್ತಾ?”

“ನೀನ್ಯಾಕ್ ಅಲ್ಲಿಗೋಗಿದ್ದೆ?”

“ಓಗಿದ್ದೆ. ರಸ್ತೆಗೆ ಗ್ರಾವೆಲ್ ಹೊಡ್ದೋರು ನೀವೇ ತಾನೆ? ಮಣ್ಣಿನ್ ಮೇಲೆ ಟಾರ್ ಬಳ್ದವ್ರೆ ಅಂತ ನಿಮ್ಗೆ ಗೊತ್ತಿರ್ನಿಲ್ವಾ?”

ಅವನು ಪೈಪನ್ನು ಕೆಳಗೆ ಹಾಕಿದ. “ಅವ್ನು ಎಷ್ಟ್ ಹೊಡಿ ಅಂದ್ನೋ ಅಷ್ಟ್ ಹೊಡ್ದೆ. ರಸ್ತೆ ಏನ್ ನಮ್ಮಪ್ಪುಂದಾ?”

“ಬುಧ್ವಾರ ನಾನ್ ಸೈನ್ ಆಕುದ್ರೆ ನಮ್ದೇ ಆಯ್ತದೆ. ಊರೋರ್ದು.”

ಅತ್ತೆ ಪುಟ್ಟಲಕ್ಷ್ಮಮ್ಮ ಒಳಗಿನಿಂದ ಬಂದು, “ಗಂಡ್ಸುರ್ ಯವಾರಕ್ಕೆ ನೀನ್ಯಾಕ್ ತಲೆ ಆಕೀಯವ್ವ? ಅವ್ನು ಏಳ್ದಂಗೆ ಆಕ್ಬುಡು, ಮನೇಲಿ ನೆಮ್ದಿ ಇರ್ಲಿ,” ಎಂದಳು. ಅಂದಿನಿಂದ ಬುಧವಾರದವರೆಗೆ ಗಂಡಹೆಂಡಿರ ನಡುವೆ ಮಾತಿರಲಿಲ್ಲ.

ಸಭೆಯಲ್ಲಿ ಎಲ್ಲ ಎಂದಿನಂತೆ ಶುರುವಾಯಿತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಚಿಕ್ಕಸ್ವಾಮಿ ವಿಷಯಗಳನ್ನು ಒಂದೊಂದಾಗಿ ಓದುತ್ತಿದ್ದ. ಬಡಾವಣೆಯ ಹಸ್ತಾಂತರ ಬಂದಾಗ ಕನಕರಾಜು ಕಾಲ ಮೇಲೆ ಕಾಲು ಹಾಕಿಕೊಂಡೇ, “ಒಪ್ಗೆ ಅಂತ ಬರ್ಕಳಿ,” ಎಂದ.

“ಬರೀಬ್ಯಾಡಿ,” ಎಂದಳು ಚಂದ್ರಕಲ.

ಎಲ್ಲರೂ ತಿರುಗಿ ನೋಡಿದರು. ಆ ಕೋಣೆಯಲ್ಲಿ ಅವಳ ಧ್ವನಿಯನ್ನು ಕೆಲವರು ಮೊದಲ ಸಲ ಕೇಳಿದ್ದರು.

“ನೀವ್ ಆ ಲೇಔಟ್ ನೋಡಿದೀರಾ ಸಾರ್?” ಎಂದು ಅವಳು ಚಿಕ್ಕಸ್ವಾಮಿಯನ್ನು ಕೇಳಿದಳು.

“ನೋಡದೆ ಏನ್ ಮೇಡಂ… ದಿನಾ ಅದೇ ದಾರೀಲಿ ಬರ್ತೀನಲ್ಲ.”

“ಅಂಗಾರೆ ಕಮಾನ್ ನೋಡಿದೀರಿ.”

ಅವಳು ನೋಡಿದ್ದನ್ನೆಲ್ಲ ಹೇಳಿದಳು. ಉಪಾಧ್ಯಕ್ಷ ಲೋಕೇಶ್ ನಕ್ಕ. “ಅವೆಲ್ಲ ನೋಡಾಕೆ ಪ್ರಾಧಿಕಾರದೋರು ಅವ್ರೆ ಕಣಕ್ಕ. ನಾವ್ಯಾಕೆ ತಲೆ ಕೆಡುಸ್ಕಬೇಕು? ಊರು ಮುಂದುಕ್ ಬರೋದು ಬ್ಯಾಡ್ವಾ ನಿಮ್ಗೆ?”

“ಬರ್ಲಿ. ಲೇಔಟ್ ಬ್ಯಾಡ ಅಂತ ನಾನೆಲ್ಲಂದೆ? ಏನೇನ್ ಮಾಡ್ತೀನಿ ಅಂತ ಬರ್ಕೊಟ್ಟವ್ನೋ ಅದ ಮಾಡ್ಲಿ ಅಂತೀನಿ. ಮಾಡ್ದೆ ಇರೋದ ಮಾಡವ್ನೆ ಅಂತ ನಾನು ಸೈನ್ ಆಕಾಕಿಲ್ಲ.”

ಗದ್ದಲವಾಯಿತು. ಕನಕರಾಜು ಮೊದಲು ಕಣ್ಣಿನಲ್ಲಿ ಗದರಿದ, ಆಮೇಲೆ ಬಾಯಲ್ಲಿ. ಅವಳು ಎದ್ದು ಹೋಗಲಿಲ್ಲ, ಅಳಲೂ ಇಲ್ಲ. ಸಭೆ ಮುಗಿದ ಮೇಲೂ ಕೂತು, ಕೆಲಸ ಮುಗಿದಿಲ್ಲವೆಂದು ಯೋಜನಾ ಪ್ರಾಧಿಕಾರಕ್ಕೆ ತಿಳಿಸುವಂತೆ ಚಿಕ್ಕಸ್ವಾಮಿಗೆ ಹೇಳಿದಳು. ಅವನು ಕರೆಂಟಿಲ್ಲ ಎಂದ, ಪ್ರಿಂಟರು ಕೆಟ್ಟಿದೆ ಎಂದ. “ಕೈಯಲ್ಲೇ ಬರೀರಿ, ಕಾಯ್ತೀನಿ,” ಎಂದು ಕೂತೇ ಇದ್ದಳು.

ಊರು ಇದನ್ನು ಹೇಗೆ ಅರ್ಥ ಮಾಡಿಕೊಂಡಿತು ಎಂಬುದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಟೀ ಅಂಗಡಿಯಲ್ಲಿ ಹುಟ್ಟಿದ ಮಾತು ಇಷ್ಟೇ: “ರವೀಂದ್ರ ಕೊಟ್ಟಿದ್ದು ಸಾಲ್ದೆ ಬಂದದೆ ಕಣ್ಲಾ ಅವ್ಳ್ಗೆ.” ಸಹಿ ಹಾಕಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಹಾಕದೆ ಇದ್ದದ್ದಕ್ಕೆ ಅವಳು ಆಸೆಬುರುಕಿಯಾದಳು! ಸರಿಯಾದ ಕೆಲಸ ಮಾಡಿದವಳಿಗೆ ಬೇರೆ ಕಾರಣವೇ ಇರಬೇಕೆಂದು ಜನ ಅಷ್ಟು ಸಲೀಸಾಗಿ ನಂಬಿಬಿಟ್ಟರು. ಹೆಂಗಸರು ರವಿಕೆ ಹೊಲಿಸುವುದನ್ನು ಬೇರೆ ಕಡೆ ಕೊಡತೊಡಗಿದರು. ಸಿಹಿ ಡಬ್ಬ ತಂದಿದ್ದ ರವೀಂದ್ರ ಈಗ ಪವಿತ್ರಳ ಮನೆಯ ಜಗಲಿಯಲ್ಲಿ ಕಾಣಿಸಿಕೊಂಡ.

ತಿಂಗಳುಗಟ್ಟಲೆ ಹಸ್ತಾಂತರ ನಿಂತುಹೋಯಿತು. ಹೊಸ ಅಧ್ಯಕ್ಷರ ಮೇಲೆ ಇಂತಿಷ್ಟು ಕಾಲ ಅವಿಶ್ವಾಸ ತರುವಂತಿಲ್ಲವೆಂಬ ನಿಯಮ ಅವಳನ್ನು ಅಷ್ಟು ದಿನ ಕಾಯ್ದಿತ್ತು. ಆ ಕಾಲ ಮುಗಿದದ್ದೇ ತಡ, ಸದಸ್ಯರು ಸಹಿ ಹಾಕಿ ಪಾಂಡವಪುರಕ್ಕೆ ಹೋಗಿ ಉಪವಿಭಾಗಾಧಿಕಾರಿಗೆ ಕೊಟ್ಟುಬಂದರು. ಅಧಿಕಾರಿ ಸಭೆಯ ದಿನ ಗೊತ್ತು ಮಾಡಿ ತಾವೇ ಬಂದರು. ಒಳಗೆ ಕಾಲಿಟ್ಟವರು ಸುತ್ತ ನೋಡಿ, “ಸದಸ್ಯರಲ್ಲದವರೆಲ್ಲ ಹೊರಗೆ ಹೋಗಿ,” ಎಂದರು.

ಗಂಡಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಪವಿತ್ರಳ ಗಂಡ, ಕೆಳಬೀದಿಯ ಮುದುಕಿ ಸದಸ್ಯೆ ಸಿದ್ದಲಿಂಗಮ್ಮನ ಮಗ, ಕನಕರಾಜು, ಎಲ್ಲರೂ ಹೋಗಿ ಹೊಂಗೆಮರದ ಕೆಳಗೆ ನಿಂತರು. ಅಲ್ಲಿ ಯಾರೋ ಕನಕರಾಜುವನ್ನು ಕೆಣಕಿದರು. “ಏನ್ಲಾ ಅಧ್ಯಕ್ಷ, ನಿನ್ ಎಂಡ್ರುನ್ನ ನೀನೇ ಹಿಡ್ದಿಟ್ಕಳಕ್ ಆಗ್ನಿಲ್ವಲ್ಲ?” ಮಿಕ್ಕವರು ನಕ್ಕರು. ಅವನು ನಗಲಿಲ್ಲ.

ಒಳಗೆ ಅಧಿಕಾರಿ ಅವಳಿಗೆ ಮಾತಾಡಲು ಅವಕಾಶ ಕೊಟ್ಟರು. ಅವಳು ನಿಂತು, “ಆ ಟ್ಯಾಂಕಲ್ಲಿ ಇವತ್ಗೂ ನೀರಿಲ್ಲ. ಕೈ ಎತ್ತೋರು ಅದ ನೆನುಸ್ಕೊಂಡು ಎತ್ತಿ,” ಎಂದಷ್ಟೇ ಹೇಳಿ ಕೂತಳು. ಕೈಗಳು ಎದ್ದವು. ಸಿದ್ದಲಿಂಗಮ್ಮನ ಕೈಯೂ ಎದ್ದಿತು. ಅವಳ ಇಬ್ಬರು ಹೆಣ್ಣುಮಕ್ಕಳ ಮದುವೆ ರವಿಕೆಗಳನ್ನು ಹೊಲಿದವಳು ಚಂದ್ರಕಲ. ಮುದುಕಿ ಕೈ ಎತ್ತಿದಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ಚಂದ್ರಕಲಳಿಗೆ ಸೋತದ್ದಕ್ಕಿಂತ ಹೆಚ್ಚು ಸಂಕಟವಾದದ್ದು ಅದನ್ನು ನೋಡಿ.

ಪವಿತ್ರ ಅಧ್ಯಕ್ಷೆಯಾದಳು. ಮೊದಲ ಸಭೆಯಲ್ಲೇ ಬಡಾವಣೆಯನ್ನು ಒಪ್ಪಿಕೊಂಡಾಯಿತು. ಕಾಗದದಲ್ಲಿ ಟ್ಯಾಂಕು ತುಂಬಿತು, ರಸ್ತೆ ಗಟ್ಟಿಯಾಯಿತು, ಎಕ್ಕದ ಗಿಡದ ಜಾಗದಲ್ಲಿ ಬೋರು ಹುಟ್ಟಿತು.

ಯುಗಾದಿಯ ಹೊತ್ತಿಗೆ ಶಾಲೆಯ ಹತ್ತಿರದ ಬೋರಿನಿಂದ ಕಮಾನು ಲೇಔಟಿಗೆ ಪೈಪು ಎಳೆದರು. ಅಲ್ಲಿ ಹೊಸ ಮನೆಗಳು ಎದ್ದಿದ್ದವು, ಕಟ್ಟಡದ ಕೆಲಸಕ್ಕೂ ಅದೇ ನೀರು. ಊರಿನ ಬೀದಿಗಳಿಗೆ ದಿನ ಬಿಟ್ಟು ದಿನ ಬರುತ್ತಿದ್ದ ನೀರು ವಾರಕ್ಕೊಂದು ಸಲ ಆಯಿತು, ಅದೂ ಕೆಳಬೀದಿಗೆ ಹೋಗುವಷ್ಟರಲ್ಲಿ ನಿಂತುಹೋಗುತ್ತಿತ್ತು. ಒಂದು ಬೆಳಿಗ್ಗೆ ಹೆಂಗಸರು ಬಿಂದಿಗೆಗಳನ್ನು ಸೊಂಟಕ್ಕಿಟ್ಟುಕೊಂಡು ಚಂದ್ರಕಲಳ ಮನೆ ಮುಂದೆ ಬಂದು ನಿಂತರು. ಮುಂದೆ ಸಿದ್ದಲಿಂಗಮ್ಮ.

“ನೀನೇ ಏನಾರ ಮಾಡವ್ವ. ದನ್ಗೋಳ್ಗೂ ನೀರಿಲ್ಲ.”

“ನಾನೇನ್ ಮಾಡ್ಲಿ? ನಾನೀಗ ಯಾರು?” ಚಂದ್ರಕಲಳ ಧ್ವನಿ ಏರಿತು. “ಅವತ್ತು ನನ್ನ ಕಳ್ಳಿ ಅಂದ್ರಲ್ಲ, ಆವಾಗ ಒಬ್ರಾರ ಬಂದು ಯಾಕ್ ಸೈನ್ ಆಕ್ಲಿಲ್ಲ ಅಂತ ಕೇಳುದ್ರಾ? ನೀನ್ ಕೇಳುದ್ಯಾ ಸಿದ್ದಲಿಂಗತ್ತೆ? ಕೈ ಎತ್ಬುಟ್ಟೆ!”

“ನನ್ ಮಗ ಎತ್ತು ಅಂದ ಕಣವ್ವ,” ಎಂದಳು ಮುದುಕಿ.

ಚಂದ್ರಕಲ ಮಿಷನ್ನಿನ ಮುಂದೆ ಹೋಗಿ ಕೂತಳು. ಹೆಂಗಸರು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಂದು ಚಪ್ಪಲಿ ಮೆಟ್ಟಿಕೊಂಡಳು.

ಅವಳು ನೇರವಾಗಿ ಹೋದದ್ದು ಶ್ವೇತಳ ಮನೆಗೆ. ಬಡಾವಣೆಯವರಿಗೂ ಸುಖವಿರಲಿಲ್ಲ, ಊರಿನ ನೀರು ಅವರ ಟ್ಯಾಂಕಿನ ಅರ್ಧಕ್ಕೂ ಏರುತ್ತಿರಲಿಲ್ಲ, ಊರವರ ಬೈಗುಳ ಮಾತ್ರ ದಿನವೂ ಬರುತ್ತಿತ್ತು. ನೀರು ಕಳೆದುಕೊಂಡವರು, ನೀರಿಗೆಂದು ದುಡ್ಡು ಸುರಿದು ಸೈಟು ಕೊಂಡವರು ಇಬ್ಬರೂ ಒಟ್ಟಿಗೆ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋದರು. ಕೆಲಸ ಮುಗಿದಿಲ್ಲವೆಂದು ಚಂದ್ರಕಲ ಅಧ್ಯಕ್ಷೆಯಾಗಿದ್ದಾಗ ತಿಳಿಸಿದ್ದರಿಂದ ಕೊನೆಯ ಪಾಲಿನ ಸೈಟುಗಳ ಬಿಡುಗಡೆಯನ್ನು ಅಲ್ಲಿ ಇನ್ನೂ ತಡೆದಿಟ್ಟಿದ್ದರು. ಒಪ್ಪಿಕೊಂಡೆವೆಂದು ಹೊಸ ಅಧ್ಯಕ್ಷೆ ಬರೆದರೂ, ಜಾಗ ನೋಡದೆ ಬಿಡುವುದಿಲ್ಲ ಎಂದು ಅಲ್ಲಿನ ಇಂಜಿನಿಯರು ಹೇಳಿದ. ಹೇಳಿದಂತೆ ಬಂದ.

ಅವನು ಬಂದ ದಿನ ಬಡಾವಣೆಯ ಮುಖ್ಯರಸ್ತೆಯಲ್ಲಿ ಊರಿಗೆ ಊರೇ ಸೇರಿತ್ತು. ರವೀಂದ್ರ ಬಿಳಿ ಅಂಗಿ ಹಾಕಿಕೊಂಡು, ಮಳೆಗೆ ರಸ್ತೆ ಕಿತ್ತುಹೋಯಿತು ಸಾರ್, ಟ್ಯಾಂಕರುಗಳ ಭಾರಕ್ಕೆ ಕುಸಿಯಿತು ಸಾರ್ ಎಂದು ನಯವಾಗಿ ಹೇಳುತ್ತಿದ್ದ. ಹಾಕಿದ್ದೆಲ್ಲ ನಕ್ಷೆಯ ಪ್ರಕಾರವೇ ಎಂದ. ಆಗ ಗುಂಪಿನ ಹಿಂದಿನಿಂದ ಕನಕರಾಜು ಮುಂದೆ ಬಂದ. ಕುಡಿದಿರಬಹುದೆಂದು ಚಂದ್ರಕಲಳಿಗೆ ಭಯವಾಯಿತು. ಕುಡಿದಿರಲಿಲ್ಲ.

“ಸುಳ್ಳು ಸಾ. ಈ ರಸ್ತೆಗೆ ಗ್ರಾವೆಲ್ ಹೊಡ್ದೋನು ನಾನು. ಒಸಿ ಗ್ರಾವೆಲ್ಲನ್ನೇ ಆ ತುದಿಯಿಂದ ಈ ತುದಿಗೆ ಎಳ್ದು ಎಳ್ದು ಬಳ್ದಿರೋದು. ಜಲ್ಲಿ ಒಂದ್ ಲೋಡೂ ಬಿದ್ದಿಲ್ಲ. ಎಲ್ಲಿ ಬೇಕಾರ ಅಗ್ಸಿ ನೋಡಿ.”

ರವೀಂದ್ರನ ಮುಖ ಕಪ್ಪಿಟ್ಟಿತು. “ಕನಕಣ್ಣ, ನಿನ್ನನ್ನ ಅಣ್ಣ ಅಂತ ನಂಬಿದ್ದೆ,” ಎಂದ.

“ನಂಗೂ ಅಂಗೇ ಅನ್ಸಿತ್ತು ಬುಡಪ್ಪ, ನೀನ್ ಪವಿತ್ರುನ್ ಮನೆ ಜಗ್ಲಿ ಅತ್ತೋಗಂಟ,” ಎಂದು ಕನಕರಾಜು ಹಾರೆ ತರಲು ಹೋದ. ಅಗೆದರು. ಅವನು ಹೇಳಿದ್ದೇ ನಿಜವಾಗಿತ್ತು.

ಆ ಟ್ರಾಕ್ಟರಿಗೆ ಆಮೇಲೆ ಯಾವ ಬಡಾವಣೆಯ ಕೆಲಸವೂ ಸಿಗಲಿಲ್ಲ. ಕೊನೆಯ ಪಾಲಿನ ಸೈಟುಗಳು ಪ್ರಾಧಿಕಾರದ ಕೈಯಲ್ಲಿ ಸಿಕ್ಕಿಕೊಂಡಿದ್ದರಿಂದ ರವೀಂದ್ರ ಬೋರು ಕೊರೆಸಿದ. ಮೊದಲನೆಯದು ಒಣಗಿತ್ತು, ಎರಡನೆಯದರಲ್ಲಿ ನೀರು ಬಿತ್ತು. ಊರಿನ ಪೈಪನ್ನು ಕತ್ತರಿಸಿದರು. ಮಳೆಗಾಲ ಹಿಡಿಯುವ ಮುಂಚೆ ಕೆಳಬೀದಿಯ ನಲ್ಲಿಗಳಲ್ಲಿ ಮತ್ತೆ ನೀರು ಬಂತು. ಒಂದು ಬೇಸಿಗೆ ಪೂರ್ತಿ ಅಷ್ಟು ಮನೆಗಳ ಹೆಂಗಸರು ನಾಲೆಯಿಂದ ನೀರು ಹೊತ್ತದ್ದಕ್ಕೆ ಯಾರೂ ಜವಾಬ್ದಾರರಾಗಲಿಲ್ಲ. ಕಣ್ಣು ಮುಚ್ಚಿ ಕೈ ಎತ್ತಿದವರಿಗೆ ಏನೂ ಆಗಲಿಲ್ಲ. ನೀರು ಬಂತು, ರಸ್ತೆಯನ್ನು ಪಂಚಾಯಿತಿಯೇ ಒಪ್ಪಿಕೊಂಡಿದೆ ಎಂದು ಪ್ರಾಧಿಕಾರ ತಡೆ ತೆಗೆಯಿತು, ನಿಯಮ ಮುರಿದವನು ಕೊನೆಗೂ ತನ್ನ ಸೈಟುಗಳನ್ನು ಮಾರಿದ. ನಿಯಮ ಪಾಲಿಸಿ ಎಂದವಳು ಮಾತ್ರ ಕುರ್ಚಿ ಕಳೆದುಕೊಂಡಿದ್ದಳು.

ನೀರು ಬಂದ ದಿನ ಪುಟ್ಟಲಕ್ಷ್ಮಮ್ಮ ಸೊಸೆಗೆ, “ಗೆದ್ಬುಟ್ಟೆ ಬುಡು ಮಗ,” ಎಂದಳು. ಚಂದ್ರಕಲ ಹೊಲಿಯುತ್ತಿದ್ದ ಬಟ್ಟೆಯನ್ನು ಮಿಷನ್ನಿನ ಮೇಲೆ ಬಿಟ್ಟು ತಲೆಯೆತ್ತಿದಳು.

“ಏನ್ ಗೆದ್ದೆ ಅತ್ತ್ಯಮ್ಮ? ಅವ್ನ್ ಮಾಡ್ಬೇಕಾಗಿದ್ ಕೆಲ್ಸ ಅವ್ನ್ ಕೈಲಿ ಮಾಡ್ಸಕೆ ಊರೆಲ್ಲ ಬಾಯಾರಿ ಸಾಯ್ಬೇಕಾಗಿತ್ತಾ? ನಾನು ಓಗಿ ನೋಡ್ದಂಗೆ ಇವ್ರೆಲ್ಲ ಒಂದ್ ದಪ ಓಗಿ ನೋಡಿದ್ರೆ ಆಗಿರದು. ನಡ್ಕಂಡ್ ಓಗೋವಷ್ಟ್ ದೂರ!”

ರಸ್ತೆಯ ವಿಷಯ ಅಲ್ಲಿಗೇ ನಿಂತಿದೆ. ಬಡಾವಣೆ ಹಸ್ತಾಂತರವಾಗಿಬಿಟ್ಟಿದೆ, ಇನ್ನು ರಸ್ತೆ ನಿಮ್ಮದು ಎಂದು ರವೀಂದ್ರ ಬರೆದುಕೊಟ್ಟಿದ್ದಾನೆ. ಈ ವರ್ಷ ಕಲ್ಲಾರೆಕೊಪ್ಪಲಿನ ಜನ ಕಟ್ಟಿದ ಕಂದಾಯದಲ್ಲಿ ಕಮಾನು ಲೇಔಟಿನ ಗುಂಡಿಗಳಿಗೆ ಜಲ್ಲಿ ತುಂಬಿಸುತ್ತಿದ್ದಾರೆ.